ಪೆರಿಯದ ತೋಡಿನಲ್ಲಿ ಸಿಕ್ಕ ಕ್ರೈನಂ

ಕಾಸರಗೋಡು ಜಿಲ್ಲೆಯ ಪೆರಿಯದ ಸುತ್ತ ಮುರಕಲ್ಲಿನ ಗುಡ್ಡಗಳಿವೆ. ಮಳೆಗಾಲ ಬಂತೆಂದರೆ ಆ ಗುಡ್ಡಗಳ ನೀರೆಲ್ಲ ತೋಡುಗಳಾಗಿ ಇಳಿಯುತ್ತದೆ. ಅಂಥ ತೋಡಿನೊಳಗೆ, ಹರಿಯುವ ನೀರಿನಡಿ ಗಡ್ಡೆ ಊರಿಕೊಂಡು, ಪಟ್ಟಿಯಂಥ ಉದ್ದನೆಯ ಎಲೆಗಳನ್ನು ಸೆಳವಿಗೆ ಬಿಟ್ಟುಕೊಂಡು, ಹೂವನ್ನು ಮಾತ್ರ ನೀರಿನ ಮೇಲಕ್ಕೆ ಎತ್ತಿ ಹಿಡಿಯುವ ಬಿಳಿ ಲಿಲ್ಲಿಯೊಂದಿದೆ. ತಲೆಮಾರುಗಳಿಂದ ಜನ ಆ ತೋಡು ದಾಟಿದ್ದಾರೆ, ದನಗಳಿಗೆ ನೀರು ಕುಡಿಸಿದ್ದಾರೆ. ಆದರೂ ಈ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಒಂದು ಹೆಸರು ಸಿಕ್ಕಿದ್ದು 2012ರಲ್ಲಿ. ಆ ವರ್ಷ ಲಂಡನ್ನಿನ ಕ್ಯೂ ಉದ್ಯಾನದ ‘ಕ್ಯೂ ಬುಲೆಟಿನ್’ ಪತ್ರಿಕೆಯಲ್ಲಿ ಮನೋಜ್ ಲೇಖಕ್ ಮತ್ತು ಶ್ರೀರಂಗ ಯಾದವ್ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಹೆಸರು ಕ್ರೈನಂ ಮಲಬಾರಿಕಂ.

ಇಬ್ಬರೂ ಆಗ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯಶಾಸ್ತ್ರಜ್ಞರು. ನಮ್ಮ ಹಿಡಕಲ್ಲಿನಿಂದ ಹೊರಟು ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಲಾಪುರ. ಪೆರಿಯ ಇರುವುದು ದೂರದ ದಕ್ಷಿಣದಲ್ಲಿ, ಕನ್ನಡ, ತುಳು, ಮಲಯಾಳಂ ಒಂದೇ ಅಂಗಳದಲ್ಲಿ ಆಡುವ ನಾಡಿನಲ್ಲಿ. ಕೊಲ್ಲಾಪುರದವರು ಕಾಸರಗೋಡಿನ ತೋಡಿನಲ್ಲಿ ಒಂದು ಹೊಸ ಲಿಲ್ಲಿಯನ್ನು ಗುರುತಿಸಿದ್ದು ಹೇಗೆ ಸಾಧ್ಯವಾಯಿತು, ಅಷ್ಟು ಕಾಲ ಯಾಕೆ ಯಾರೂ ಅದನ್ನು ಗುರುತಿಸಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ನಾನು ವಿಜ್ಞಾನಿಯಲ್ಲ. ಅಣೆಕಟ್ಟಿನ ಊರಿನಲ್ಲಿ, ಮನೆಯ ಹಿತ್ತಲಿನಲ್ಲಿ ಕ್ರೈನಂ ಬೆಳೆಸುವವನು, ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸಿ ಹೊಸ ಬಣ್ಣಕ್ಕಾಗಿ ವರ್ಷಗಟ್ಟಲೆ ಕಾಯುವವನು. ಈ ಆವಿಷ್ಕಾರವನ್ನು ನಾನು ಅರ್ಥಮಾಡಿಕೊಂಡದ್ದು ಆ ಹಿತ್ತಲಿನ ಕೆಲಸದಿಂದಲೇ.

ಕ್ರೈನಂ ಎಂದರೆ ಯಾವುದು ಎಂದು ಕೇಳುವವರಿಗೆ ಒಂದು ಗುರುತು ಹೇಳಬಹುದು. ಬಾವಿಯ ಕಟ್ಟೆಯ ಬದಿ, ಹಳೆಯ ಬಂಗಲೆಯ ಬೇಲಿಯ ಸಾಲು, ಉದ್ಯಾನದ ಅಂಚುಗಳಲ್ಲಿ ಕತ್ತಿಯಂತೆ ಅಗಲವಾದ ದಪ್ಪ ಎಲೆಗಳ ಗಿಡವೊಂದು ಇರುತ್ತದೆ. ಅದರ ನಡುವಿನಿಂದ ಗಟ್ಟಿಯಾದ ಕಾಂಡವೊಂದು ಎದ್ದು, ತುದಿಯಲ್ಲಿ ಸೀಳಿದಂಥ ಬಿಳಿ ಹೂಗಳ ಗೊಂಚಲು ಬಿಡುತ್ತದೆ. ಅದು ಕ್ರೈನಂ ಏಷಿಯಾಟಿಕಂ, ಈ ಕುಲದಲ್ಲಿ ನಮ್ಮ ಜನ ಹೆಚ್ಚು ಕಂಡಿರುವ ಗಿಡ. ಆಡು ಮೇಕೆ ಅದಕ್ಕೆ ಬಾಯಿ ಹಾಕುವುದು ಕಡಿಮೆ. ಗಡ್ಡೆಯಲ್ಲಿ ಲೈಕೊರಿನ್ ಎಂಬ ಕಹಿಯಾದ ವಿಷವಸ್ತು ಇದೆ. ಆದರೆ ಲಿಲ್ಲಿ ಪತಂಗದ ಕಂಬಳಿಹುಳುವಿಗೆ ಆ ವಿಷ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಒಂದು ವಾರ ನೋಡದೆ ಬಿಟ್ಟರೆ ಎಲೆಯಿಂದ ಗಡ್ಡೆಯ ಕುತ್ತಿಗೆಯವರೆಗೆ ಕೊರೆದು ಮುಗಿಸುತ್ತದೆ. “ಇಷ್ಟು ದೊಡ್ಡ ಗಡ್ಡಿ, ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ, ಯಾಕ ಬೆಳಸ್ತೀರಿ?” ಎಂದು ನೆರೆಯವರು ಕೇಳುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ಒಂದು ಸಂಜೆ ಬಂದು ನಿಲ್ಲಿರಿ ಎನ್ನುತ್ತೇನೆ. ಹೊತ್ತು ಮುಳುಗುವಾಗ ಮೊಗ್ಗು ಬಿರಿಯುತ್ತದೆ, ಕತ್ತಲಾದಂತೆ ಪರಿಮಳ ಏರುತ್ತದೆ, ಉದ್ದ ಸೊಂಡಿಲಿನ ದೊಡ್ಡ ಪತಂಗಗಳು ರೆಕ್ಕೆ ಬಡಿಯುತ್ತ ಹೂವಿನ ಮುಂದೆ ನಿಂತು ಮಕರಂದ ಹೀರುತ್ತವೆ. ಹೂವಿನ ನಳಿಗೆ ಅಷ್ಟು ಉದ್ದವಾಗಿರುವುದು ಅವುಗಳಿಗಾಗಿಯೇ.

ಬೆಳೆಸುವವನಿಗೆ ಇಲ್ಲಿ ದೊಡ್ಡ ಅಚ್ಚರಿ ಬೀಜ. ಕ್ರೈನಂ ಬೀಜಕ್ಕೆ ಒಣ ಸಿಪ್ಪೆಯಿಲ್ಲ, ಮಲಗಿ ನಿದ್ರಿಸುವ ಕಾಲವೂ ಇಲ್ಲ. ಸಣ್ಣ ಆಲೂಗಡ್ಡೆಯಂತೆ ಹಸಿರಾಗಿ, ರಸ ತುಂಬಿಕೊಂಡು ಕಾಯಿಯನ್ನು ಒಡೆದು ಹೊರಬರುತ್ತದೆ. ಅದರ ಭಾರಕ್ಕೆ ಕಾಂಡ ನೆಲಕ್ಕೆ ಬಾಗುತ್ತದೆ. ಬೀಜವನ್ನು ಕಿಟಕಿಯ ಮೇಲೆ ಇಟ್ಟು ಮರೆತರೂ ಮಣ್ಣಿಲ್ಲದೆ, ನೀರಿಲ್ಲದೆ ತನ್ನೊಳಗಿನ ಸತ್ವದಿಂದಲೇ ಮೊಳೆಯುತ್ತದೆ. ಕಡಲ ದಂಡೆಯ ಕ್ರೈನಂ ಬೀಜಗಳು ತೇಲಿಕೊಂಡು ಹೋಗಿ ದೂರದ ತೀರ ಸೇರುತ್ತವೆ. ಆದರೆ ಈ ಬೀಜವನ್ನು ತಿಂಗಳಾನುಗಟ್ಟಲೆ ಡಬ್ಬಿಯಲ್ಲಿ ಕಾಪಿಡಲು ಬರುವುದಿಲ್ಲ. ಸಿಕ್ಕಾಗಲೇ ಊರಬೇಕು, ಊರಿದ ಮೇಲೆ ಹೂವಿಗಾಗಿ ಮೂರು ನಾಲ್ಕು ವರ್ಷ ಅಥವಾ ಇನ್ನೂ ಹೆಚ್ಚು ಕಾಯಬೇಕು.

ಮಿಶ್ರತಳಿ ಮಾಡುವ ಕ್ರಮ ಕಷ್ಟದ್ದಲ್ಲ. ಕಣ್ಣು ಮಾತ್ರ ಎಚ್ಚರವಾಗಿರಬೇಕು. ಸಂಜೆ ಬಿರಿಯಲಿರುವ ಮೊಗ್ಗನ್ನು ಮಧ್ಯಾಹ್ನವೇ ಬಿಡಿಸಿ, ಆರು ಕೇಸರಗಳ ಪರಾಗಕೋಶಗಳನ್ನು ಚಿಮಟದಿಂದ ತೆಗೆಯಬೇಕು. ರಾತ್ರಿ ಇನ್ನೊಂದು ಗಿಡದ ಪರಾಗವನ್ನು ಕುಂಚದಿಂದ ಶಲಾಕೆಯ ತುದಿಗೆ ಹಚ್ಚಿ, ಪತಂಗ ಮುಟ್ಟದಂತೆ ತೆಳುಬಟ್ಟೆಯ ಚೀಲ ಕಟ್ಟಿ, ದಾರದಲ್ಲಿ ಗುರುತಿನ ಚೀಟಿ ತೂಗಬೇಕು. ಕೆಲವು ಜೋಡಿಗಳು ಕಾಯಿ ಕಟ್ಟುವುದೇ ಇಲ್ಲ. ಕೆಲವು ಕಟ್ಟಿದರೂ ಮರಿಗಳು ಬಂಜೆಯಾಗುತ್ತವೆ. ಇದನ್ನು ಮಾಡುತ್ತ ಹೋದಂತೆ ಕಣ್ಣಿಗೆ ಒಂದು ಅಭ್ಯಾಸ ಬರುತ್ತದೆ. ಎಲೆಯ ಅಂಚು, ನಳಿಗೆಯ ಉದ್ದ ಮತ್ತು ಬಾಗು, ಕೇಸರಗಳು ಹರಡಿವೆಯೋ ಒಂದೇ ಕಡೆ ವಾಲಿವೆಯೋ, ಹೂ ಬಿರಿಯುವ ಹೊತ್ತು, ಬೀಜದ ಮೈ, ಇವೆಲ್ಲ ತಾವಾಗಿಯೇ ಮನಸ್ಸಿನಲ್ಲಿ ದಾಖಲಾಗುತ್ತವೆ. ಪ್ರಭೇದಗಳನ್ನು ವಿಂಗಡಿಸುವ ವಿಜ್ಞಾನಿ ನೋಡುವುದೂ ಇದನ್ನೇ.

ಬೆಳೆಸುವವನದೂ ವಿಜ್ಞಾನಿಯದೂ ಒಂದೇ ಕಣ್ಣು ಎಂಬುದಕ್ಕೆ ಇತಿಹಾಸದಲ್ಲಿ ಒಬ್ಬ ದೊಡ್ಡ ಸಾಕ್ಷಿ ಇದ್ದಾರೆ: ವಿಲಿಯಂ ಹರ್ಬರ್ಟ್. 1778ರಲ್ಲಿ ಹುಟ್ಟಿ 1847ರಲ್ಲಿ ತೀರಿಕೊಂಡ ಇವರು ಇಂಗ್ಲೆಂಡಿನ ಪಾದ್ರಿ. ಯಾರ್ಕ್‌ಷೈರಿನ ಸ್ಪಾಫರ್ತ್ ಎಂಬ ಹಳ್ಳಿಯ ಚರ್ಚಿನಲ್ಲಿ ಬಹುಕಾಲ ಇದ್ದು, ಕೊನೆಗೆ ಮ್ಯಾಂಚೆಸ್ಟರಿನ ಡೀನ್ ಆದವರು. ತಮ್ಮ ಮನೆಯ ತೋಟದಲ್ಲಿ, ಗಾಜಿನ ಮನೆಯಲ್ಲಿ ಅವರು ಜಗತ್ತಿನ ಬೇರೆಬೇರೆ ಕಡೆಯ ಕ್ರೈನಂಗಳನ್ನು ತರಿಸಿ ಬೆಳೆಸಿ, ಒಂದಕ್ಕೊಂದು ಕೂಡಿಸಿ ನೋಡಿದರು. ಬಿಳಿಯ ಮೇಲೆ ಗುಲಾಬಿ ಗೀರು ಇರುವ ‘ಮಿಲ್ಕ್ ಅಂಡ್ ವೈನ್’ ಲಿಲ್ಲಿಗಳ ಒಂದು ದೊಡ್ಡ ಬಳಗಕ್ಕೆ ಇಂದಿಗೂ ಅವರ ಹೆಸರಿದೆ. 1837ರಲ್ಲಿ ಅವರು ಬರೆದ ‘ಅಮರಿಲಿಡೇಸಿ’ ಎಂಬ ಗ್ರಂಥ ಈ ಕುಟುಂಬದ ಗಿಡಗಳ ಅಧ್ಯಯನಕ್ಕೆ ಅಡಿಪಾಯವಾಯಿತು.

ಎರಡು ಬೇರೆ ಪ್ರಭೇದಗಳನ್ನು ಕೂಡಿಸಿದರೆ ಸಂತಾನ ಬಂಜೆಯಾಗಲೇಬೇಕು ಎಂಬುದು ಆ ಕಾಲದ ನಂಬಿಕೆ. ಹರ್ಬರ್ಟರ ತೋಟದಲ್ಲಿ ನಡೆದದ್ದೇ ಬೇರೆ. ಕ್ರೈನಂ ಕಾಪೆನ್ಸ್ ಎಂಬ ಗಿಡಕ್ಕೆ ಕ್ರೈನಂ ರೆವೊಲ್ಯೂಟಂನ ಪರಾಗ ಹಚ್ಚಿದಾಗ ಕಾಯಿಯೊಳಗಿನ ಪ್ರತಿಯೊಂದು ಅಂಡಕವೂ ಗಿಡವಾಯಿತು. ಅದರ ಸ್ವಂತ ಪರಾಗದಿಂದಲೂ ಅಂಥ ಫಲ ಬಂದುದನ್ನು ಅವರು ಕಂಡಿರಲಿಲ್ಲ. 1859ರಲ್ಲಿ ಡಾರ್ವಿನ್ ತಮ್ಮ ಪ್ರಭೇದಗಳ ಉಗಮದ ಗ್ರಂಥದಲ್ಲಿ, ಮಿಶ್ರತಳಿಯ ಅಧ್ಯಾಯದಲ್ಲಿ, ಈ ಕಾಯಿಯನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಪ್ರಭೇದಗಳ ನಡುವೆ ದಾಟಲಾಗದ ಗೋಡೆಯಿಲ್ಲ ಎಂಬ ವಾದಕ್ಕೆ ಮನೆಯ ತೋಟದ ಒಂದು ಕ್ರೈನಂ ಕಾಯಿ ಬಲ ಕೊಟ್ಟಿತು.

ಹರ್ಬರ್ಟರ ಇನ್ನೊಂದು ಮಾತು ನಮ್ಮ ಕತೆಗೆ ಹೆಚ್ಚು ಹತ್ತಿರದ್ದು. ಎರಡು ಗಿಡಗಳು ಕೂಡಿ ಫಲ ಕೊಡುವುದು ಅವುಗಳ ರೂಪದ ಹೋಲಿಕೆಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಅವು ಒಗ್ಗಿಕೊಂಡ ಮಣ್ಣು, ನೀರು, ಹವೆಗೂ ಅದರಲ್ಲಿ ಪಾಲಿದೆ ಎಂದು ಅವರು ವಾದಿಸಿದರು. ಅಂದರೆ ಗಿಡವನ್ನು ಅರಿಯಬೇಕಾದರೆ ಅದು ಬೆಳೆಯುವ ಜಾಗವನ್ನೂ ಅರಿಯಬೇಕು. ನಮ್ಮ ಪಶ್ಚಿಮಘಟ್ಟದ ಉತ್ತರ ಭಾಗದ ಒಂದು ಸುಂದರ ಬಿಳಿ ಕ್ರೈನಂಗೆ, ಕ್ರೈನಂ ಬ್ರಾಕಿನೀಮಾ ಎಂಬುದಕ್ಕೆ, 1842ರಲ್ಲಿ ಹೆಸರಿಟ್ಟವರೂ ಹರ್ಬರ್ಟರೇ.

ಪಶ್ಚಿಮ ಕರಾವಳಿಯ ಕ್ರೈನಂಗಳು ಪುಸ್ತಕಕ್ಕೆ ಬಂದದ್ದು ಅದಕ್ಕೂ ಮೊದಲು. ಡಚ್ಚರ ಗವರ್ನರ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹೊರಬಂದ 12 ಸಂಪುಟಗಳ ‘ಹೊರ್ತುಸ್ ಮಲಬಾರಿಕುಸ್’ನಲ್ಲಿ, ಊರಿನ ವೈದ್ಯರಾದ ಇಟ್ಟಿ ಅಚ್ಯುತನ್ ಮೊದಲಾದವರು ಕೊಟ್ಟ ತಿಳಿವಳಿಕೆಯ ಜತೆ, ಪೊಳತ್ತಾಳಿ ಎಂಬ ಹೆಸರಿನ ಗಿಡಗಳ ಚಿತ್ರಗಳಿವೆ. ಲಿನೇಯಸ್ 1753ರಲ್ಲಿ ಕ್ರೈನಂ ಏಷಿಯಾಟಿಕಂ ಎಂದು ಹೆಸರಿಡುವಾಗ ಆ ಚಿತ್ರಗಳಲ್ಲೊಂದನ್ನು ಆಧಾರವಾಗಿ ಬಳಸಿದ. ಮುಂದೆ ಹೂಕರ್‌ನ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ ಬಂತು. ದಕ್ಷಿಣ ಕನ್ನಡವನ್ನೂ ಒಳಗೊಂಡ ಮದ್ರಾಸ್ ಪ್ರಾಂತ್ಯದ ಸಸ್ಯಗಳ ಬಗ್ಗೆ ಗ್ಯಾಂಬಲ್‌ನ ಪುಸ್ತಕ ಬಂತು. ಕಾಸರಗೋಡು ಆಗ ಆ ಜಿಲ್ಲೆಯ ಭಾಗವಾಗಿತ್ತು. ಆದರೂ ನೀರಿನಡಿಯ ಈ ಲಿಲ್ಲಿಗೆ ಯಾವ ಪುಸ್ತಕದಲ್ಲೂ ಹೆಸರು ಸಿಗಲಿಲ್ಲ.

ಹಾಗೆ ತಪ್ಪಿಹೋಗಲು ಕಾರಣಗಳಿವೆ. ಕ್ರೈನಂ ಒಣಗಿಸಿ ಇಡಲು ಬಹಳ ಕೆಟ್ಟ ಗಿಡ. ಹೂವು ರಸಭರಿತ, ಒಂದೆರಡು ದಿನದ ಬಾಳು. ಕಾಗದದ ನಡುವೆ ಒತ್ತಿದರೆ ನಳಿಗೆ, ಬಣ್ಣ, ಕೇಸರದ ನಿಲುವು ಎಲ್ಲ ಕಲಸಿಹೋಗುತ್ತವೆ. ಗಡ್ಡೆ ದಪ್ಪ, ಒಣಗದೆ ಕೊಳೆಯುತ್ತದೆ. ಹೂವಿಲ್ಲದ ಕಾಲದಲ್ಲಿ ನೋಡಿದರೆ ನೀರೊಳಗಿನ ಪಟ್ಟಿ ಎಲೆಗಳು ಯಾವುದೋ ನೀರುಹುಲ್ಲಿನಂತೆ ಕಾಣುತ್ತವೆ. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡಿಗೆ ಇಳಿದು ಎಲೆಯ ಬುಡ ಹುಡುಕುವವರು ಕಡಿಮೆ. ಹೀಗೆ ಇಡೀ ಕುಲವೇ ಸಂಗ್ರಹಾಲಯಗಳಲ್ಲಿ ಅರೆಬರೆಯಾಗಿ ಉಳಿದಿತ್ತು.

ಮಹಾಬಲೇಶ್ವರದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಜಾರ್ಜ್ ಮಾರ್ಷಲ್ ವುಡ್ರೋ ಅಲ್ಲಿನ ಕೇಟ್ಸ್ ಪಾಯಿಂಟಿನಿಂದ ಒಂದು ಕ್ರೈನಂ ತಂದರು. 19ನೇ ಶತಮಾನದ ಕೊನೆಯಲ್ಲಿ ಕ್ಯೂ ಉದ್ಯಾನದ ಬೇಕರ್ ಅದಕ್ಕೆ ವುಡ್ರೋ ಹೆಸರನ್ನೇ ಇಟ್ಟರು. ಆ ಮೇಲೆ ಸುಮಾರು ನೂರು ವರ್ಷ ಅದು ಕಾಣಿಸಲೇ ಇಲ್ಲ. ಕೊನೆಗೆ ಸಿಕ್ಕಿದ್ದು ಅದೇ ಕೇಟ್ಸ್ ಪಾಯಿಂಟಿನಲ್ಲಿ, ಕೃಷ್ಣಾ ಕಣಿವೆಗೆ ಮುಖ ಮಾಡಿ ನಿಂತ ಇಳಿಜಾರಿನಲ್ಲಿ. ಗಿಡ ಎಲ್ಲಿಗೂ ಹೋಗಿರಲಿಲ್ಲ. ಹೂವಿನ ಹೊತ್ತಿಗೆ ಸರಿಯಾಗಿ ಅಲ್ಲಿ ನಿಂತು ನೋಡಿದವರು ಇರಲಿಲ್ಲ.

ಕೊಲ್ಲಾಪುರದ ತಂಡ ಈ ಕೊರತೆಯನ್ನು ತುಂಬಿತು. ಶ್ರೀರಂಗ ಯಾದವ್ ಘಟ್ಟದ ಬಂಡೆಗಳ ಮೇಲಿನ ಸಿರೋಪೀಜಿಯಾ ಎಂಬ ಗಿಡಗಳನ್ನು ಹುಡುಕಿ, ಬೆಳೆಸಿ, ಮರಳಿ ಕಾಡಿಗೆ ಸೇರಿಸಿದ ಕೆಲಸಕ್ಕೆ ಹೆಸರಾದವರು. ಅವರ ಪದ್ಧತಿಯಲ್ಲಿ ಒಣಗಿದ ಹಾಳೆಯ ಜತೆಗೆ ಜೀವಂತ ಗಿಡವೂ ಮುಖ್ಯ. ಗಿಡವನ್ನು ಅದರ ಜಾಗದಲ್ಲಿ ನೋಡಬೇಕು, ವಿಶ್ವವಿದ್ಯಾಲಯದ ತೋಟದಲ್ಲಿ ಬೆಳೆಸಬೇಕು, ಹೂ ಕಾಯಿ ಬೀಜ ಎಲ್ಲ ಕಣ್ಣೆದುರು ಆಗಬೇಕು. ಮನೋಜ್ ಲೇಖಕ್ ಅವರೊಡನೆ ಭಾರತದ ಕ್ರೈನಂಗಳನ್ನು ಹಿಡಿದು ಕೂತವರು. ಕ್ರೈನಂಗೆ ಬೇಕಿದ್ದದ್ದು ಇಂಥ ನೋಟವೇ. ಕುಲದ ಬಹುತೇಕ ಗಿಡಗಳಲ್ಲಿ ವರ್ಣತಂತುಗಳ ಸಂಖ್ಯೆ 22, ಅದೊಂದನ್ನೇ ಎಣಿಸಿ ಬೇರೆ ಮಾಡಲು ಬರುವುದಿಲ್ಲ. ರೂಪ, ಕಾಲ, ಜಾಗ ಮೂರನ್ನೂ ಕೂಡಿಸಿ ಓದಬೇಕು.

ಪೆರಿಯದ ಗಿಡದ ಮುಂದೆ ಅವರಿಗೆ ಎದುರಾದ ಮೊದಲ ಪ್ರಶ್ನೆ ಥಾಯ್ಲೆಂಡಿನದು. ಹರಿಯುವ ನೀರಿನೊಳಗೆ ಎಲೆ ಮುಳುಗಿಸಿ ಬಾಳುವ ಕ್ರೈನಂ ಅಲ್ಲಿಯೂ ಇದೆ. ದಕ್ಷಿಣ ಥಾಯ್ಲೆಂಡಿನ ರನೋಂಗ್, ಫಾಂಗ್‌ಙಾ ಪ್ರಾಂತ್ಯಗಳ ಹಳ್ಳಗಳಲ್ಲಿ ಮಾತ್ರ ಬೆಳೆಯುವ ಅದಕ್ಕೆ 1971ರಲ್ಲಿ ಕ್ರೈನಂ ಥಾಯಾನಂ ಎಂದು ಹೆಸರಾಗಿತ್ತು. ಕಾಸರಗೋಡಿನದು ಅದೇ ಗಿಡವೋ, ಬೇರೆಯೋ? ಉತ್ತರ ಹೇಳಬೇಕಾದರೆ ಥಾಯ್ ಗಿಡದ ಗುರುತು ಮೊದಲು ಗಟ್ಟಿಯಾಗಬೇಕು. ಹೆಸರಿಗೆ ಆಧಾರವಾದ ಒಂದು ಮಾದರಿ ಖಚಿತವಾಗಿ ನಿಗದಿಯಾಗಿರಬೇಕು ಎಂಬುದು ಸಸ್ಯಶಾಸ್ತ್ರದ ಕಾನೂನು. ಹೀಗಾಗಿ ಲೇಖಕ್ ಮತ್ತು ಯಾದವ್ ಒಂದೇ ಲೇಖನದಲ್ಲಿ ಎರಡು ಕೆಲಸ ಮಾಡಿದರು. ಥಾಯ್ ಕ್ರೈನಂಗೆ ಆಧಾರ ಮಾದರಿಯನ್ನು ಆಯ್ದು ನಿಗದಿಗೊಳಿಸಿದರು, ಕಾಸರಗೋಡಿನದು ಅದರಿಂದ ಬೇರೆಯೆಂದು ತೋರಿಸಿದರು. ಹೊಸದನ್ನು ಘೋಷಿಸುವ ಮೊದಲು ಹಳೆಯದರ ಲೆಕ್ಕ ಸರಿಮಾಡುವ ಈ ಶಿಸ್ತು ನನಗೆ ಆ ಲೇಖನದ ಅತಿ ದೊಡ್ಡ ಗುಣವಾಗಿ ಕಂಡಿದೆ.

ಹೆಸರು ಬಂದ ಕೂಡಲೇ ಅಪಾಯವೂ ತಿಳಿಯಿತು. ಗೊತ್ತಿದ್ದ ನೆಲೆ ಬಹಳ ಚಿಕ್ಕದು, ಗಿಡವನ್ನು ಅಳಿವಿನ ತೀರ ಅಂಚಿನಲ್ಲಿರುವುದೆಂದು ಪರಿಗಣಿಸಲಾಯಿತು. ಥಾಯ್ ಸೋದರಿಯ ಪಾಡು ಎದುರಿಗೇ ಇತ್ತು. ಅಕ್ವೇರಿಯಂ ವ್ಯಾಪಾರಕ್ಕಾಗಿ ಅಲ್ಲಿನ ಗಡ್ಡೆಗಳನ್ನು ರಾಶಿರಾಶಿಯಾಗಿ ಕಿತ್ತು ಹೊರದೇಶಕ್ಕೆ ಸಾಗಿಸಿದರು, ಹಳ್ಳಗಳನ್ನು ಯಂತ್ರ ಹಾಕಿ ತೋಡಿ ಅಗಲ ಮಾಡಿದರು. ಈಗ ಅದು ಅಪಾಯಕ್ಕೊಳಗಾದ ಪ್ರಭೇದಗಳ ಕೆಂಪುಪಟ್ಟಿಯಲ್ಲಿದೆ. ಕ್ರೈನಂ ಕುಟುಂಬದ ಗಿಡಗಳಲ್ಲಿ ಗ್ಯಾಲಂಟಮಿನ್ ಎಂಬ ವಸ್ತುವೂ ಇದೆ. ಮರೆವಿನ ಕಾಯಿಲೆಯಾದ ಆಲ್ಝೈಮರ್‌ಗೆ ಅದು ಔಷಧಿ, ಅಮೆರಿಕ 2001ರಲ್ಲಿ ಅದನ್ನು ಒಪ್ಪಿತು. ಇಂಥ ಬೆಲೆ ಇರುವ ಕುಲದ ಅಪರೂಪದ ಗಿಡಕ್ಕೆ ಗುದ್ದಲಿಯ ಭಯ ಎರಡು ಪಟ್ಟು.

ಕಾಸರಗೋಡಿನವರು ಇದಕ್ಕೆ ಚೆಲುವಾದ ಉತ್ತರ ಕೊಟ್ಟಿದ್ದಾರೆ. 2023ರಲ್ಲಿ ಆ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಅಧಿಕೃತವಾಗಿ ಘೋಷಿಸಿಕೊಂಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ಅದು. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು, ಪ್ರಾಣಿ ದೈತ್ಯ ಮೆದುಚಿಪ್ಪಿನ ಆಮೆ. ಹೂವಿನ ಸ್ಥಾನಕ್ಕೆ ಅವರು ಆರಿಸಿದ್ದು ಪೆರಿಯ ಪೊಳತ್ತಾಳಿಯನ್ನು, ಅಂದರೆ ಈ ಕ್ರೈನಂ ಮಲಬಾರಿಕಂ ಅನ್ನು. ಹೆಸರು ಸಿಕ್ಕ ಹನ್ನೊಂದು ವರ್ಷಕ್ಕೆ ಆ ಹೂವು ಜಿಲ್ಲೆಯ ಹೂವಾಯಿತು. ಇದು ಬರೀ ಗೌರವದ ಮಾತಲ್ಲ. ತೋಡಿನ ಮೇಲೆ ಕಟ್ಟಡವೋ ರಸ್ತೆಯೋ ಬರುವಾಗ ‘ಇಲ್ಲಿ ನಮ್ಮ ಹೂವಿದೆ’ ಎಂದು ಹೇಳಲು ಊರಿನವರಿಗೆ ಈಗ ಒಂದು ಆಧಾರ ಸಿಕ್ಕಿದೆ.

ಮನೆಯಲ್ಲಿ ಕ್ರೈನಂ ಬೆಳೆಸುವ ನಮ್ಮಂಥವರಿಗೆ ಇಲ್ಲಿ ಒಂದು ಆಸೆ ಹುಟ್ಟುವುದು ಸಹಜ. ಆ ನೀರಿನ ಲಿಲ್ಲಿಯನ್ನು ತಂದು ತೊಟ್ಟಿಯಲ್ಲಿ ಬೆಳೆಸಬೇಕು, ನಮ್ಮ ಗುಲಾಬಿ ಗೀರಿನ ಗಿಡಕ್ಕೆ ಅದರ ಪರಾಗ ಹಚ್ಚಬೇಕು ಎನಿಸುತ್ತದೆ. ಆ ಆಸೆಯನ್ನು ನಾನು ಬಿಟ್ಟಿದ್ದೇನೆ, ಬಿಡಬೇಕು ಎಂದೇ ಇತರರಿಗೂ ಹೇಳುತ್ತೇನೆ. ತಳಿ ಕಟ್ಟಲು ನಮಗೆ ಸಾಮಗ್ರಿಯ ಬರವಿಲ್ಲ. ಇಂಗ್ಲೆಂಡಿನ ಪೊವೆಲ್ ದಕ್ಷಿಣ ಆಫ್ರಿಕಾದ ಎರಡು ಕ್ರೈನಂ ಕೂಡಿಸಿ ಮಾಡಿದ ತಳಿ ನೂರು ವರ್ಷ ದಾಟಿ ಬೆಳೆಯುತ್ತಿದೆ. ಫ್ಲೋರಿಡಾದ ಲೂಯಿ ಬೊಸಾಂಕೆ ತನ್ನ ಹೆಂಡತಿಯ ಹೆಸರಿಟ್ಟ ‘ಎಲೆನ್ ಬೊಸಾಂಕೆ’ಯ ದ್ರಾಕ್ಷಾರಸದ ಬಣ್ಣ ಇಂದಿಗೂ ತೋಟಗಾರರನ್ನು ಸೆಳೆಯುತ್ತದೆ. ತೋಟಗಳಲ್ಲಿ ಈಗಾಗಲೇ ಇರುವ ಗಡ್ಡೆಗಳಿಂದಲೇ ಒಬ್ಬರ ಆಯುಷ್ಯಕ್ಕೆ ಸಾಕಾಗುವಷ್ಟು ಹೊಸ ಜೋಡಿ ಮಾಡಬಹುದು. ಗೋಕಾಕ, ಮೂಡಲಗಿ ಕಡೆಯ ಎರೆಮಣ್ಣಿನಲ್ಲಿ ಮಳೆಗಾಲದ ನೀರು ಬಸಿದುಹೋಗಲು ದಾರಿ ಮಾಡಿಕೊಟ್ಟರೆ ಅವು ಚೆನ್ನಾಗಿ ಬೇರು ಬಿಡುತ್ತವೆ. ಒಮ್ಮೆ ನೆಟ್ಟ ಗಡ್ಡೆಯನ್ನು ಪದೇಪದೇ ಕೀಳದಿದ್ದರೆ ಆಯಿತು. ಕಾಡಿನ ಗಡ್ಡೆಯನ್ನು ಕಿತ್ತರೆ ಕಳೆಯುವುದು ಒಂದು ಗಿಡ ಮಾತ್ರವಲ್ಲ. ಹರ್ಬರ್ಟರು ಅರಿತ ಹಾಗೆ ಅದರ ನೀರು, ಸೆಳವು, ಮುರಕಲ್ಲು ಎಲ್ಲವೂ ಸೇರಿದ ಬಾಳು ಕಳೆಯುತ್ತದೆ. ತೊಟ್ಟಿಗೆ ಬರುವುದು ಅದರ ಅರ್ಧ ಮಾತ್ರ.

ನಾವು ಮಾಡಬಹುದಾದ ಕೆಲಸ ಬೇರೆ ಇದೆ, ಅದು ನಮ್ಮ ಹೊಳೆಗಳಲ್ಲೇ ಇದೆ. 2014ರಲ್ಲಿ ಸಸ್ಯಶಾಸ್ತ್ರಜ್ಞ ಗಾಯಕ್‌ವಾಡ್ ಮತ್ತು ಅವರ ಸಂಗಡಿಗರು ಸೋಲಾಪುರದಿಂದ ಇನ್ನೊಂದು ಹೊಸ ಕ್ರೈನಂ ವರ್ಣಿಸಿ ಕ್ರೈನಂ ಸೋಲಾಪುರೆನ್ಸ್ ಎಂದು ಕರೆದರು. ಸೋಲಾಪುರವೂ ನಮ್ಮಂತೆಯೇ ಗಡಿಯ ನೆಲ, ಕನ್ನಡ ಮರಾಠಿ ಎರಡೂ ಕೇಳಿಸುವ ಬಯಲು. ದಟ್ಟ ಕಾಡಿಲ್ಲದ ಅಲ್ಲಿ ಹೊಸ ಪ್ರಭೇದ ಸಿಕ್ಕಿದೆ. ಘಟಪ್ರಭೆ ಘಟ್ಟದಲ್ಲಿ ಹುಟ್ಟಿ ನಮ್ಮ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಲ್ಲಿ ನಿಂತು, ಧೂಪದಾಳ ದಾಟಿ, ಗೋಕಾಕಿನಲ್ಲಿ ಧುಮುಕಿ ಕೃಷ್ಣೆಗೆ ಸೇರುತ್ತದೆ. ಹಿರಣ್ಯಕೇಶಿ, ಮಾರ್ಕಂಡೇಯ ಅದರ ಒಡನಾಡಿಗಳು. ಇವುಗಳ ದಂಡೆ, ಹಳ್ಳದ ಮಡು, ಹಿನ್ನೀರಿನ ಜವುಗನ್ನು ಕ್ರೈನಂ ಕಣ್ಣಿನಿಂದ ನೋಡುವವರು ಬೇಕಾಗಿದ್ದಾರೆ.

ಅದಕ್ಕೆ ಪದವಿ ಬೇಡ. ಮಳೆ ಶುರುವಾದ ಮೇಲೆ ಹೊಲಕ್ಕೆ ಹೋಗುವ ದಾರಿಯಲ್ಲಿ, ಹೊಳೆಯ ದಂಡೆಯಲ್ಲಿ ಬಿಳಿ ಲಿಲ್ಲಿ ಕಂಡರೆ ನಿಂತು ನೋಡಿರಿ. ಹೂವನ್ನು ಮುಂದಿನಿಂದ, ಪಕ್ಕದಿಂದ ಫೋಟೋ ತೆಗೆಯಿರಿ. ನಳಿಗೆಯನ್ನು ಅಳತೆಪಟ್ಟಿಯ ಜತೆ, ಎಲೆಯನ್ನು ಬುಡದಿಂದ ತುದಿಯವರೆಗೆ, ಇದ್ದರೆ ಕಾಯಿಯನ್ನೂ ತೆಗೆಯಿರಿ. ಬಿರಿದ ಹೊತ್ತು, ನೀರಿನ ಆಳ, ದಿನಾಂಕ ಬರೆದಿಡಿರಿ. ಅದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೋ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೋ ತಲುಪಿಸಿರಿ. ಜಾಗದ ಗುರುತನ್ನು ಅವರಿಗೆ ಮಾತ್ರ ಹೇಳಿರಿ, ಮೊಬೈಲಿನಲ್ಲಿ ಊರಿಗೆಲ್ಲ ಹರಡಬೇಡಿರಿ. ಗಡ್ಡೆಯನ್ನು ಮಾತ್ರ ಅದು ಇದ್ದಲ್ಲಿಯೇ ಇರಲು ಬಿಡಿರಿ.